ಎಡಗೈಯ ನಾಯಿ

ಹಿಕರಿ ಬೆಂಡ್, ಅರ್ಕನ್ಸಾ
ಆಗಸ್ಟ್ ೧೨, ಸೋಮವಾರ

ಪ್ರೀತಿಯ ಅಪ್ಪನಿಗೆ,

ಪ್ರೀತಿಯ ಎಂದು ರೂಢಿಗೆ ಬರೆದೆ. ಇವತ್ತು ಅದರ ದಾಸ್ತಾನು ನನ್ನ ಹತ್ತಿರ ಅಷ್ಟೇನೂ ಇಲ್ಲ. ಆದರೂ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನಿನ್ನ ಬಲಗಾಲು ಹೇಗಿದೆ? ನೀರು ಕುಡಿದರೆ ಈಗಲೂ ನೆತ್ತಿಗೇರುತ್ತದೆಯೆ? ಶುಕ್ರವಾರ ಮೀನು ಕೊಟ್ಟರೆ ತಿನ್ನುತ್ತೀಯಂತೆ, ಮಿಕ್ಕ ದಿನ ತಟ್ಟೆ ದೂಡುತ್ತೀಯಂತೆ. ಆರೈಕೆ ಕೇಂದ್ರದಲ್ಲಿ ನಿನ್ನನ್ನು ನೋಡಿಕೊಳ್ಳುವ ಲವೆರ್ನ್ ಫೋನಿನಲ್ಲಿ ಎಲ್ಲ ಹೇಳುತ್ತಾರೆ. ಲವೆರ್ನ್, ಇದನ್ನು ಅವನಿಗೆ ಓದಿ ಹೇಳುವವರು ನೀವೇ ಎಂದು ಗೊತ್ತು. ದಯವಿಟ್ಟು ಬೈಗುಳ ಬಂದ ಕಡೆ ದನಿ ಇಳಿಸಬೇಡಿ. ಅವನಿಗೆ ಬಿದ್ದುಹೋದದ್ದು ನಾಲಿಗೆ, ಕಿವಿಯಲ್ಲ. ಗೋಡೆಯ ಕಡೆ ತಿರುಗಿ ಮಲಗಿದರೆ ನೀವೂ ಆ ಕಡೆಗೇ ಹೋಗಿ ನಿಂತು ಓದಿ.

ನಿನ್ನೆ ಬೆಳಿಗ್ಗೆ ನಿನ್ನ ನಾಯಿ ಟಿಲ್ಲಿಯನ್ನು ಕೆರೆಯಿಂದ ಕರೆತಂದು, ಚರ್ಚಿಗೆ ಹೊರಡುವ ಮೊದಲು ಒಂದಿಷ್ಟು ಬೇಕನ್ ಹುರಿಯುತ್ತಿದ್ದೆ. ಅಂಗಳಕ್ಕೆ ಡಾರೆಲ್‌ನ ಟ್ರಕ್ ಬಂತು. ಹಿಂದೆ ಖಾಲಿ ನಾಯಿಪಂಜರ. ಪಕ್ಕದಲ್ಲಿ ಕೂತವನು ಯಾರು ಅಂತೀಯ? ಪ್ರಾಥರ್! ಲಿಟಲ್ ರಾಕ್‌ನ ವಕೀಲರಿಗೂ ಡಾಕ್ಟರರಿಗೂ ಬಾತುಕೋಳಿ ಬೇಟೆ ಆಡಿಸುವ ಲಾಡ್ಜ್ ನಡೆಸುತ್ತಾನಲ್ಲ, ನೀನು ‘ಇಸ್ತ್ರಿ ಬೇಟೆಗಾರ’ ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ಅದೇ ಪ್ರಾಥರ್. ನಿನ್ನ ಹಿರಿಮಗ ಡಾರೆಲ್ ಟ್ರಕ್ಕಿನಿಂದ ಇಳಿದವನೇ ನನ್ನ ಮುಖ ನೋಡದೆ ಹೇಳಿದ: “ಟಿಲ್ಲೀನ ಇವ್ರು ಕರ್ಕೊಂಡ್ ಹೋಗ್ತಾರೆ ಕಣೇ ನೆಲ್ಡಾ. ಅಪ್ಪ ಒಪ್ಪಿದಾನೆ.”

“ಒಪ್ಪಿದಾನಾ? ಯಾವಾಗ ಬಾಯಿ ಬಂತು ಅವ್ನಿಗೆ?” ಎಂದೆ.

“ಬಾಯಿ ಬಂದಿಲ್ಲ. ಕೇಳ್ದೆ, ತಲೆ ಆಡಿಸ್ದ.”

ತಲೆ ಆಡಿಸಿದೆಯಂತೆ! ಅಪ್ಪಾ, ನನಗೆ ಮೈಯೆಲ್ಲ ಉರಿದುಹೋಯಿತು. ಬೇಟೆಯ ಕಾಲ ಮುಗಿದ ಮರುವಾರ ನಿನಗೆ ಲಕ್ವ ಹೊಡೆದದ್ದು. ಅಲ್ಲಿಂದ ಇಲ್ಲಿಯ ತನಕ ನೀನು ಯಾವುದಕ್ಕೆ ತಲೆ ಆಡಿಸಿದ್ದೀಯ, ಹೇಳು ನೋಡೋಣ. ಕಾಲು ಎತ್ತು ಎಂದರೆ ಇಲ್ಲ. ಎರಡು ಹೆಜ್ಜೆ ನಡೆ ಎಂದರೆ ಇಲ್ಲ. ಮಾತು ಕಲಿಸಲು ಬರುವ ಆ ಹುಡುಗಿ ಪಾಪ, ಸ್ಟ್ರಾ ಕೊಟ್ಟು ಲೋಟದ ನೀರಿನಲ್ಲಿ ಗುಳ್ಳೆ ಎಬ್ಬಿಸು ಎಂದರೆ ಲೋಟವನ್ನೇ ಅವಳ ಮಡಿಲಿಗೆ ಕೆಡವಿದೆ. ನಾನು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತೀಯ. ಜೂನ್ ತಿಂಗಳಲ್ಲಂತೂ ಬಾಗಿಲ ಕಡೆ ಕೈ ತೋರಿಸಿ ನನ್ನನ್ನು ಆಚೆಗೆ ಕಳಿಸಿಬಿಟ್ಟೆ, ಮರೆತಿದ್ದೀಯ? ನಾನು ಮರೆತಿಲ್ಲ. ಇಷ್ಟಕ್ಕೆಲ್ಲ ಕಲ್ಲಿನ ಹಾಗೆ ಕೂತವನು, ಟಿಲ್ಲಿಯನ್ನು ಕೊಟ್ಟುಬಿಡುವ ಮಾತಿಗೆ ಮಾತ್ರ ಟಪ್ ಅಂತ ತಲೆ ಆಡಿಸಿದೆಯಾ? ಯಾರನ್ನು ಕೇಳಿ?

ನಿನ್ನ ಲೆಕ್ಕಾಚಾರ ನನಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡ. ಈ ತಿಂಗಳ ಕೊನೆಗೆ ಅಲ್ಲಿಯವರು ಕೂತು ತೀರ್ಮಾನ ಮಾಡುತ್ತಾರೆ. ನೀನಾಗಿ ಏನಾದರೂ ಪ್ರಯತ್ನ ಮಾಡುತ್ತಿದ್ದೀಯ ಎಂದು ಕಂಡರೆ ಇನ್ನಷ್ಟು ದಿನ ವ್ಯಾಯಾಮ, ಮಾತು ಎಲ್ಲ ಮಾಡಿಸಿ ಮನೆಗೆ ಕಳಿಸುತ್ತಾರೆ. ಇಲ್ಲವಾದರೆ ಹಿಂದಿನ ಕಟ್ಟಡಕ್ಕೆ ಸಾಗಿಸುತ್ತಾರೆ. ಆ ಕಟ್ಟಡದಿಂದ ಯಾರೂ ಮನೆಗೆ ಬಂದದ್ದನ್ನು ಈ ಊರು ನೋಡಿಲ್ಲ. ಅದು ನಿನಗೂ ಗೊತ್ತು. ಗೊತ್ತಿದ್ದೂ ಮೊದಲು ನಾಯಿಯನ್ನು ಸಾಗಹಾಕಿ, ಆಮೇಲೆ ನೆಮ್ಮದಿಯಾಗಿ ಅಲ್ಲಿಗೆ ಹೋಗಿ ಮಲಗುವ ಯೋಚನೆ. ಅಲ್ಲವಾ?

ಇದೆಲ್ಲ ಶುರುವಾದದ್ದು ಮಾರ್ಚ್ ತಿಂಗಳ ಆ ಹಾಳು ದಿನ. ನಿನಗೆ ಖುಷಿಯಾಗಲಿ ಎಂದು ನಾನೇ ಟಿಲ್ಲಿಯನ್ನು ನಿನ್ನ ಕೋಣೆಗೆ ಕರೆತಂದೆ. ಅವಳು ಬಾಗಿಲಲ್ಲೇ ಸೊಂಟದಿಂದ ಬಾಲದ ತನಕ ಕುಣಿಯುತ್ತಿದ್ದಳು. ನೀನು ಅವಳನ್ನು ಕರೆಯಲು ಹೋದೆ. ಬಾಯಿಂದ ಹೊರಟಿದ್ದು ಅವಳ ಹೆಸರಲ್ಲ, ಗಂಟಲಿನ ಒಳಗಿನಿಂದ ಒಂದು “ಬ್ಬಾ.” ಟಿಲ್ಲಿ ಕಿವಿ ಇಳಿಸಿಕೊಂಡು ನನ್ನ ಕಾಲ ಹಿಂದೆ ಅಡಗಿದಳು. ಇನ್ನೊಮ್ಮೆ ಕರೆದೆ, ಅವಳು ನಡುಗಿದಳು. ನೀನು ಗೋಡೆಯ ಕಡೆ ತಿರುಗಿದವನು ಇನ್ನೂ ಈ ಕಡೆ ತಿರುಗಿಲ್ಲ. ಎರಡು ವರ್ಷದ ನಾಯಿ ಅಪ್ಪಾ ಅದು! ಅದಕ್ಕೇನು ಗೊತ್ತು ಲಕ್ವ ಎಂದರೆ? ಅದರ ಮೇಲೂ ಮುನಿಸಾ? ಆ ದಿನ ಟ್ರಕ್ಕಿನಲ್ಲಿ ವಾಪಸ್ ಬರುವಾಗ ನಾನು ದಾರಿಯುದ್ದಕ್ಕೂ ಬೈದೆ. ನಿನಗೆ ಸ್ವಲ್ಪ, ನಾಯಿಗೆ ಸ್ವಲ್ಪ, ದೇವರಿಗೆ ಜಾಸ್ತಿ.

ಮನೆ ಮುಟ್ಟುವಷ್ಟರಲ್ಲಿ ಒಂದು ತೀರ್ಮಾನ ಮಾಡಿದ್ದೆ. ಮಾತು ಬರದಿದ್ದರೆ ಮಾತೇ ಬೇಡ. ಗುಂಡಿಗೆ ಬಿದ್ದ ಬಾತನ್ನು ಕಚ್ಚಿ ತರುವ ನಾಯಿ ತಯಾರಾಗುವುದು ಬೇಟೆಯಿಲ್ಲದ ತಿಂಗಳುಗಳಲ್ಲೇ, ನವೆಂಬರ್‌ನಲ್ಲಿ ಬೇಟೆ ಶುರುವಾದಾಗ ನಡೆಯುವುದು ಪರೀಕ್ಷೆ ಮಾತ್ರ ಎಂದು ನೀನು ನಮಗೆ ಚಿಕ್ಕಂದಿನಿಂದ ತಲೆಗೆ ತುಂಬಿದ್ದೀಯ. ಶಾಲೆಗೆ ರಜೆ ಕೊಟ್ಟ ಮರುದಿನವೇ ನಾನು ಓಡಿಸುವ ಶಾಲೆಯ ಬಸ್ಸಿನ ಕೀಲಿ ಒಪ್ಪಿಸಿ ಬಂದು, ಟಿಲ್ಲಿಯನ್ನು ಕರೆದುಕೊಂಡು ಕೆರೆ ಏರಿಗೆ ಹೋದೆ. ಅವತ್ತಿನಿಂದ ದಿನವೂ ಹಾಗೇ. ಬಿಸಿಲು ಏರುವ ಮೊದಲೇ ಮುಗಿಸುತ್ತೇನೆ, ಗಾಬರಿಪಡಬೇಡ. ಸೊಳ್ಳೆ ನನ್ನನ್ನು ಎತ್ತಿಕೊಂಡು ಹೋಗುವುದೊಂದು ಬಾಕಿ. ನೀರುಹಾವನ್ನು ಎರಡು ಸಲ ಕಂಡೆವು, ಎರಡು ಸಲವೂ ಕಿರುಚಿದ್ದು ನಾನು. ನಿನ್ನ ಹಳೆಯ ಜೊತೆಗಾರ ಓಡಿಸ್ ಮಂಡಿ ನೋವೆಂದು ಗೊಣಗುತ್ತಲೇ ಬರುತ್ತಾನೆ. ಭತ್ತದ ಗದ್ದೆಯ ಆಚೆ ಬದಿಯಲ್ಲಿ ನಿಂತು ಬಾತಿನ ಬದಲಿಗೆ ಬಟ್ಟೆಯ ಡಮ್ಮಿಗಳನ್ನು ಎಸೆಯುವುದು, ಬಚ್ಚಿಡುವುದು ಅವನ ಕೆಲಸ.

ಬಾತು ಬಿದ್ದದ್ದನ್ನು ಕಣ್ಣಾರೆ ಕಂಡರೆ ತರಲು ಟಿಲ್ಲಿಗೆ ಯಾರೂ ಕಲಿಸಬೇಕಾಗಿಲ್ಲ. ಕಾಣದೆ ಬಿದ್ದದ್ದಕ್ಕೆ ತಾನೇ ನಾವು ದೂರದಿಂದ ದಾರಿ ತೋರಿಸಬೇಕು? ಸೀಟಿ ಒಂದು ಸಲ ಊದಿದರೆ ನಿಂತಲ್ಲೇ ಕೂತು ತಿರುಗಿ ನೋಡುತ್ತಾಳೆ. ಕೈ ಮೇಲೆತ್ತಿದರೆ ಇನ್ನೂ ಹಿಂದಕ್ಕೆ, ಎಡಗೈ ಚಾಚಿದರೆ ಎಡಕ್ಕೆ, ಬಲಗೈ ಚಾಚಿದರೆ ಬಲಕ್ಕೆ, ಮಾಮೂಲಿಯಾಗಿ ಕಲಿಸುವುದು ಹೀಗೆ. ತೊಡಕು ಬಂದದ್ದು ಅಲ್ಲೇ. ನಿನಗೆ ಈಗ ಆಡುವುದು ಎಡಗೈ ಒಂದೇ. ನಾನು ಬಲಗೈಯನ್ನು ಬೆಲ್ಟಿನಿಂದ ಸೊಂಟಕ್ಕೆ ಕಟ್ಟಿಕೊಂಡೆ, ನಿನ್ನ ಹಾಗೇ. ಬಲಕ್ಕೆ ಕಳಿಸಬೇಕಾದಾಗ ಎಡಗೈಯನ್ನು ಎದೆಯ ಮೇಲಿಂದ ಅಡ್ಡ ಚಾಚಿದೆ. ಎಲೆಬಣ್ಣದ ಬೇಟೆಯ ಅಂಗಿಯ ಮೇಲೆ ಎಲೆಬಣ್ಣದ ತೋಳು, ಅಷ್ಟು ದೂರದಿಂದ ಅವಳಿಗೆ ಹೇಗೆ ಕಾಣಬೇಕು? ಪೆಚ್ಚುಪೆಚ್ಚಾಗಿ ನೋಡುತ್ತ ಕೂತಳು. ತೋಳಿಗೆ ಬಿಳಿ ಬಟ್ಟೆ ಸುತ್ತಿಕೊಂಡೆ. ಓಡಿಸ್ ಅಲ್ಲಿಂದಲೇ ಕೂಗಿದ: “ಆ ಬಿಳಿ ತೋಳ್ ನೋಡಿದ್ರೆ ಬಾತೆಲ್ಲ ಬಂದ ದಾರೀಲೇ ಮಿಸೂರಿಗ್ ವಾಪಸ್ ಹೋಗ್ತವೆ ಕಣಮ್ಮಾ! ಬೇಟೇಗ್ ಹೋಗ್ತೀಯೋ, ಮದ್ವೇಗ್ ಹೋಗ್ತೀಯೋ?” ಎರಡು ವಾರ ಹೀಗೇ ಹಾಳಾಯಿತು. ಅತ್ತೇಬಿಟ್ಟೆ ಒಂದು ದಿನ, ಸುಳ್ಳೇಕೆ ಹೇಳಲಿ.

ಆಮೇಲೆ ಓಡಿಸ್ ಒಂದು ಮಾತು ಹೇಳಿದ. ಗಂಟೆಗಟ್ಟಲೆ ನಗುವವನು ಅವತ್ತು ನಗದೆ ಹೇಳಿದ: “ನೆಲ್ಡಾ, ಬಾತು ಬಿದ್ಮೇಲೆ ನಿಮ್ಮಪ್ಪ ಏನ್ ಮಾಡ್ತಾನೆ ಮೊದ್ಲು? ಟೋಪಿ ತೆಗ್ದು ತಲೆ ಒರೆಸ್ಕೋತಾನೆ. ಆ ಬೋಳು ಒಂದ್ ಮೈಲಿ ದೂರಕ್ ಹೊಳೀತದೆ.” ಅಪ್ಪಾ, ಅಲ್ಲೇ ನಿಂತು ಆ ಮುದುಕನನ್ನು ತಬ್ಬಿಕೊಂಡೆ. ಟೋಪಿ ತೆಗೆದರೆ ಬಲಕ್ಕೆ! ಒಂದೇ ಕೈ ಸಾಕು. ಬಾತುಗಳು ಅಷ್ಟು ಹೊತ್ತಿಗೆ ಬಿದ್ದೋ ಹಾರಿಯೋ ಹೋಗಿರುತ್ತವೆ, ಅವು ನಿನ್ನ ಬುರುಡೆ ನೋಡಿದರೆಷ್ಟು, ಬಿಟ್ಟರೆಷ್ಟು. ಆದರೆ ನನ್ನ ತಲೆಯ ತುಂಬ ನಮ್ಮಮ್ಮನ ಕೂದಲು. ಅದಕ್ಕೇನು ಮಾಡಿದೆ ಗೊತ್ತಾ? ಈಜುವವರು ಹಾಕಿಕೊಳ್ಳುತ್ತಾರಲ್ಲ, ಬಿಳಿಯ ರಬ್ಬರ್ ಟೋಪಿ, ಅದನ್ನು ಕೂದಲ ಮೇಲೆ ಬಿಗಿದು, ಅದರ ಮೇಲೆ ನಿನ್ನ ಬೇಟೆಯ ಟೋಪಿ ಇಟ್ಟುಕೊಂಡು ಬೇಸಿಗೆ ಪೂರ್ತಿ ಕೆರೆ ಏರಿಯ ಮೇಲೆ ನಿಂತೆ. ಟೋಪಿ ತೆಗೆ, ಹಾಕು, ತೆಗೆ, ಹಾಕು. ನನ್ನ ಬಸ್ಸಿನಲ್ಲಿ ಮಕ್ಕಳನ್ನು ಕಳಿಸುವ ತಾಯಂದಿರು ಕಾರು ನಿಧಾನ ಮಾಡಿ ನೋಡಿಕೊಂಡು ಹೋದರು. ಈ ವರ್ಷ ಆ ಮಕ್ಕಳನ್ನು ನನ್ನ ಜೊತೆ ಕಳಿಸುತ್ತಾರೋ ಇಲ್ಲವೋ ಕಾಣೆ. ನಿನಗಾಗಿ ಊರಿನ ಮುಂದೆ ಬೋಳಿಯಾದೆ ಅಪ್ಪಾ, ನೀನು ಅಲ್ಲಿ ಆರಾಮಾಗಿ ಗೋಡೆ ನೋಡುತ್ತ ಮಲಗಿದ್ದೆ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಪ್ರಾಥರ್ ಒಂದು ಸಲ ನಾಯಿಯ ಕೆಲಸ ನೋಡಿಯೇ ಕರೆದೊಯ್ಯುವುದು ಎಂದ. ಧಾರಾಳವಾಗಿ ನೋಡಿ ಎಂದೆ, ಎಲ್ಲರೂ ಕೆರೆ ಏರಿಗೆ ಹೋದೆವು. ಕೈ ಎರಡನ್ನೂ ಜೇಬಿಗೆ ತುರುಕಿ, ತುಟಿ ಕಚ್ಚಿಕೊಂಡು ನಿಂತೆ. ಓಡಿಸ್ ಬಚ್ಚಿಟ್ಟ ಡಮ್ಮಿ ಬಲಗಡೆ ಜೊಂಡಿನ ಹಿಂದೆ ಇತ್ತು. ಅವನು ಕಳಿಸಿದ, ಟಿಲ್ಲಿ ಬಾಣದ ಹಾಗೆ ನೆಟ್ಟಗೆ ಹೋದಳು. ಸೀಟಿ ಊದಿದ, ತಿರುಗಿ ಕೂತಳು. “ಅಬ್ಬಾ, ಚಿನ್ನದಂಥಾ ನಾಯಿ!” ಎಂದ. ಆಮೇಲೆ ಬಲಗೈ ಚಾಚಿದ. ಟಿಲ್ಲಿ ಕೂತಿದ್ದಳು. ಇನ್ನೂ ಉದ್ದ ಚಾಚಿ ಒಂದು ಹೆಜ್ಜೆ ಪಕ್ಕಕ್ಕೆ ಹಾರಿದ. ಟಿಲ್ಲಿ ಕೂತಿದ್ದಳು. ಕೂಗಿದ, ಗದರಿಸಿದ, ಮುದ್ದು ಮಾಡಿ ಕರೆದ. ಊಹೂಂ. ಎಡಗೈ ಚಾಚಿ ನೋಡಿದ, ಎಡಕ್ಕೆ ಓಡಿದಳು, ಅಲ್ಲೇನೂ ಇಲ್ಲ. ಮತ್ತೆ ಬಲಗೈ, ಮತ್ತೆ ಕಲ್ಲು. ಕೊನೆಗೆ ಬೆವರು ಒರೆಸಲು ಟೋಪಿ ತೆಗೆದ. ಎಣ್ಣೆ ಹಚ್ಚಿ ಬಾಚಿದ ದಟ್ಟ ಕಪ್ಪು ಕೂದಲು. ಟಿಲ್ಲಿ ಕತ್ತು ಓರೆ ಮಾಡಿ ಆ ತಲೆಯನ್ನು ಬಹಳ ಹೊತ್ತು ನೋಡಿ, ಒಂದು ಸೀನು ಸೀನಿದಳು. ಗದ್ದೆಯ ಬದಿಯಲ್ಲಿ ಓಡಿಸ್ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತ.

“ಒಳ್ಳೇ ನಾಯೀನ ಯಾರೋ ಕೆಡಿಸಿಟ್ಟಿದಾರೆ. ನನ್ನ ಗಿರಾಕಿಗಳ ಮುಂದೆ ಇದನ್ನ ನಿಲ್ಸಕ್ಕಾಗಲ್ಲ,” ಎಂದ ಪ್ರಾಥರ್.

“ಯಾರೋ ಅಲ್ಲ, ನಾನೇ. ಬೇಕಂತ್ಲೇ,” ಎಂದೆ.

ಅವನು ಟ್ರಕ್ಕಿನಲ್ಲಿ ಹೋಗಿ ಕೂತ. ಡಾರೆಲ್ ನನ್ನ ಮೇಲೆ ಹರಿಹಾಯ್ದ: “ತಲೆ ಕೆಟ್ಟಿದೆಯೇನೇ ನಿಂಗೆ? ಅಪ್ಪ ಏಳದೇ ಹೋದ್ರೆ ಏನ್ ಮಾಡ್ತೀಯ? ಈ ನಾಯಿ ಯಾರ ಕೆಲ್ಸಕ್ಕೂ ಬರಲ್ಲ!” ಬರಬಾರದು ಅಂತಲೇ ಮಾಡಿದ್ದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮನೆಯೊಳಗೆ ಹೋಗಿ ರಬ್ಬರ್ ಟೋಪಿ ಬಿಗಿದುಕೊಂಡು, ಮೇಲೆ ನಿನ್ನ ಟೋಪಿ ಇಟ್ಟುಕೊಂಡು ಬಂದೆ. ಟಿಲ್ಲಿಯನ್ನು ಕಳಿಸಿ, ಸೀಟಿ ಊದಿ, ಎಡಗೈಯಲ್ಲಿ ಟೋಪಿ ತೆಗೆದೆ. ಅವಳು ಬಲಕ್ಕೆ ಹಾರಿದ್ದನ್ನು ನೀನು ನೋಡಬೇಕಿತ್ತು! ನೀರು ಸೀಳಿಕೊಂಡು ಹೋಗಿ, ಜೊಂಡಿನೊಳಗೆ ನುಗ್ಗಿ, ಡಮ್ಮಿ ಕಚ್ಚಿ ತಂದು ನನ್ನ ಎಡಗೈಗೇ ಕೊಟ್ಟಳು. ಡಾರೆಲ್ ಹುಲ್ಲಿನ ಮೇಲೆ ಕೂತುಬಿಟ್ಟ. “ಥೇಟ್ ಅಪ್ಪನ ಥರಾನೇ ಕಾಣಿಸ್ತಿದ್ದೆ ಕಣೇ,” ಎಂದು ಅತ್ತ. ನನಗೆ ಆಗಲೂ ಸಿಟ್ಟೇ ಬಂತು. ಅಳುವುದಾದರೆ ನಿನ್ನ ಹಾಸಿಗೆಯ ಪಕ್ಕ ಅಳಬೇಕಿತ್ತು, ನಿನ್ನ ತಲೆ ಆಡಿದ್ದೇ ಸಾಕೆಂದು ಪಂಜರ ಹೊತ್ತು ತರಬಾರದಿತ್ತು. ಅವನು ಕೆಟ್ಟವನಲ್ಲ ಅಪ್ಪಾ. ನೀನು ಹೋಗಿಬಿಡುತ್ತೀಯ ಎಂದು ಹೆದರಿ, ನೀನು ಬಯಸಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ನಾನು ಹೆದರಿದರೆ ಊಹೂಂ ಅನ್ನುವವಳು. ಯಾರ ಮಗಳು ಮತ್ತೆ?

ಇನ್ನೊಂದು ವಿಷಯ. ಟಿಲ್ಲಿ ನಿನ್ನ ದನಿಗೆ ಹೆದರಿದಳಲ್ಲ, ಅದನ್ನು ಹಾಗೇ ಬಿಡಲಿಲ್ಲ. ಏಪ್ರಿಲ್ ತಿಂಗಳಿಂದ ಪ್ರತಿ ಸಲ ಅವಳಿಗೆ ಊಟ ಇಡುವಾಗ, ಗಂಟಲು ಒತ್ತಿ, ನಿನ್ನ ಹಾಗೇ “ಬ್ಬಾ” ಎನ್ನುತ್ತೇನೆ. ಮೊದಮೊದಲು ತಟ್ಟೆ ಬಿಟ್ಟು ಓಡಿದಳು. ಓಡಿಸ್ ಒಂದು ದಿನ ಕೇಳಿಸಿಕೊಂಡು ಕೆಂಡವಾದ. “ಹೆತ್ತಪ್ಪನ್ನ ಅಣಕಿಸ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?” ಎಂದು ಬೈದು, ಎರಡು ದಿನ ಇತ್ತ ತಲೆ ಹಾಕಲಿಲ್ಲ. ಆಮೇಲೆ ಬಂದು ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು, ತಾನೂ ಒಂದು ಸಲ “ಬ್ಬಾ” ಎಂದ. ಈಗ ಆ ದನಿ ಕೇಳಿದರೆ ಅವಳ ಬಾಲ ನೆಲಕ್ಕೆ ನಿಲ್ಲುವುದಿಲ್ಲ. ಕರೆದು ನೋಡು ಬೇಕಾದರೆ. ಲೋಕದಲ್ಲಿ ಯಾರಿಗೂ ತಿಳಿಯದ ಆ ಒಂದು ಶಬ್ದ ನಿನ್ನ ನಾಯಿಗೆ ತಿಳಿಯುತ್ತದೆ.

ಬೈದದ್ದು ಸಾಕು ಅಂತ ಲವೆರ್ನ್ ಕಣ್ಣು ಬಿಡುತ್ತಿರಬಹುದು. ಇಲ್ಲ, ಇನ್ನೊಂದು ಉಳಿದಿದೆ. ನೀನು ನಾಯಿಯಿಂದ ಮಾತ್ರ ಅಲ್ಲ ಅಪ್ಪಾ, ನನ್ನಿಂದಲೂ ಬಿಡಿಸಿಕೊಂಡು ಹೊರಟಿದ್ದೀಯ. ನನ್ನನ್ನೂ ಒಂದು ಮಾತು ಕೇಳಲಿಲ್ಲ. ಬಾಗಿಲ ಕಡೆ ಕೈ ತೋರಿಸಿದೆ. ಆ ಕೈ ಎತ್ತಲು ಬಂತಲ್ಲ ನಿನಗೆ! ಮಗಳನ್ನು ಆಚೆ ಕಳಿಸಲು ಎತ್ತುವ ಕೈಯನ್ನು ನಾಯಿಗೆ ದಾರಿ ತೋರಿಸಲು ಎತ್ತುವುದಕ್ಕೆ ಏನು ರೋಗ?

ತೋಟದ ಟೊಮೇಟೊ ಈ ಸಲ ಚೆನ್ನಾಗಿ ಬಂದಿದೆ, ನಾಲ್ಕು ಕಳಿಸುತ್ತಿದ್ದೇನೆ. ಲವೆರ್ನ್, ಎರಡು ನಿಮಗೆ. ಓಡಿಸ್ ನಿನ್ನನ್ನು ನೆನೆಸಿಕೊಂಡ, ದೋಣಿಗೆ ಬಣ್ಣ ಹೊಡೆಯುತ್ತಿದ್ದಾನೆ, ನಿನ್ನ ಸೀಟು ಗಟ್ಟಿ ಮಾಡಿದ್ದಾನೆ. ಡಾರೆಲ್‌ನ ಮೇಲೆ ಕೋಪ ಮಾಡಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಹಟವನ್ನು ಸ್ವಲ್ಪ ಕಡಿಮೆ ಮಾಡಲಿ.

ನಿನ್ನ ಮಗಳು,
ನೆಲ್ಡಾ

ಮರೆತ ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯ ಗಾಡಿ ತಿರುವಿನಲ್ಲಿ ಕಾಣುತ್ತಿದೆ. ಈ ಶನಿವಾರ ಬೆಳಿಗ್ಗೆ ನಾನು ಟಿಲ್ಲಿಯನ್ನು ಕರೆದುಕೊಂಡು ಬರುತ್ತೇನೆ. ಲವೆರ್ನ್ ಜೊತೆ ಮಾತಾಡಿಯಾಗಿದೆ, ನಿನ್ನ ಕುರ್ಚಿಯನ್ನು ಹಿಂದಿನ ಹುಲ್ಲುಹಾಸಿಗೆ ತಂದು ನಿಲ್ಲಿಸುತ್ತಾರೆ. ಒಂದು ಡಮ್ಮಿ ಎಡಕ್ಕೆ, ಒಂದು ಬಲಕ್ಕೆ ಬಚ್ಚಿಡುತ್ತೇನೆ. ಟಿಲ್ಲಿಯನ್ನು ಆಚೆ ತುದಿಯಲ್ಲಿ ನಿನಗೆ ಎದುರಾಗಿ ಕೂರಿಸಿ, ಬೇಟೆಯ ಟೋಪಿಯನ್ನು ನಿನ್ನ ತಲೆಗಿಟ್ಟು, ಟ್ರಕ್ಕಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ನಾನು ಕೈ ಎತ್ತುವುದಿಲ್ಲ, ಕರೆಯುವುದಿಲ್ಲ. ನೀನು ತೋರಿಸುವ ತನಕ ಅವಳು ಕೂತಲ್ಲಿಂದ ಅಲ್ಲಾಡುವುದಿಲ್ಲ, ಅಷ್ಟು ಗಟ್ಟಿಯಾಗಿ ಕಲಿಸಿದ್ದೇನೆ. ಅಲ್ಲಿ ಮರದ ನೆರಳಿಲ್ಲ, ಒಂಬತ್ತಕ್ಕೆಲ್ಲ ಬಿಸಿಲು ಸುಡುತ್ತದೆ. ಆಗಸ್ಟ್ ಬಿಸಿಲಿನಲ್ಲಿ ನಾಯಿಯನ್ನು ಕೂರಿಸಿದವರನ್ನು ನೀನು ಕ್ಷಮಿಸಿದ್ದು ನಾನು ಕಂಡಿಲ್ಲ. ನನ್ನನ್ನೂ ಕ್ಷಮಿಸಬೇಡ, ಬಾಯಿ ಬಂದ ದಿನ ಚೆನ್ನಾಗಿ ಬೈ. ಆದರೆ ಮೊದಲು ಟೋಪಿ ತೆಗೆ.